ಓದುಗರ ಪ್ರಶ್ನೆ, ನಮ್ಮ ಉತ್ತರ: ಲಾರಿ, ಬಸ್ಸು ಓಡಿಸಲು ಲೈಸೆನ್ಸ್ ಪಡೆಯುವುದು ಹೇಗೆ?

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಭಾರಿ ವಾಹನಗಳ ಲೈಸೆನ್ಸಿಗೆ ಸಂಬಂಧಿಸಿದವೇ ಹೆಚ್ಚಾಗಿರುವುದರಿಂದ, ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ. ಪತ್ರ ಬರೆದವರಲ್ಲಿ ಬಹುತೇಕರಿಗೆ ಗಾಡಿ ಓಡಿಸುವುದು ಸ್ವಲ್ಪಮಟ್ಟಿಗೆ ಗೊತ್ತಿದೆ. ಯಾವ ಕಾಗದವನ್ನು ಯಾವ ಕ್ರಮದಲ್ಲಿ ಮಾಡಿಸಬೇಕು ಎಂಬುದು ಗೊತ್ತಿಲ್ಲ. ಈ ಕ್ರಮ ತಪ್ಪಿದರೆ ಹಣ ಮತ್ತು ಸಮಯ ಎರಡೂ ವ್ಯರ್ಥವಾಗುತ್ತವೆ, ಕೆಲವೊಮ್ಮೆ ಮನೆಯ ಆಸ್ತಿಗೇ ಕುತ್ತು ಬರುತ್ತದೆ. ಆದ್ದರಿಂದ ಉತ್ತರಗಳನ್ನು ಕೊಂಚ ವಿವರವಾಗಿಯೇ ಬರೆದಿದ್ದೇವೆ.

ಪ್ರಶ್ನೆ: ನನಗೆ 19 ವರ್ಷ. ಏಳನೇ ತರಗತಿಗೆ ಶಾಲೆ ಬಿಟ್ಟೆ. ಸೋದರಮಾವನ ಲಾರಿಯಲ್ಲಿ ಕ್ಲೀನರ್ ಆಗಿ ಸಿಮೆಂಟ್ ಲೋಡಿಗೆ ಹೋಗುತ್ತೇನೆ. ರಾತ್ರಿ ರಸ್ತೆ ಖಾಲಿ ಇದ್ದಾಗ ಮಾವ ನನಗೆ ಸ್ಟೇರಿಂಗ್ ಕೊಟ್ಟು ಮಲಗುತ್ತಾರೆ. ಬೈಕ್ ಲೈಸೆನ್ಸ್ ಬಿಟ್ಟರೆ ಬೇರೆ ಇಲ್ಲ. ಎಂಟನೇ ತರಗತಿ ಪಾಸಾಗದವರಿಗೆ ಹೆವಿ ಲೈಸೆನ್ಸ್ ಕೊಡುವುದಿಲ್ಲ ಎನ್ನುತ್ತಾರೆ, ನಿಜವೇ? (ಸೇಡಂ ತಾಲ್ಲೂಕಿನ ಓದುಗರು)

ಉತ್ತರ: ಎಂಟನೇ ತರಗತಿಯ ಮಾತು ಹಿಂದೆ ನಿಜವಾಗಿತ್ತು, ಈಗ ಅಲ್ಲ. ಸಾರಿಗೆ ವಾಹನ, ಅಂದರೆ ಸರಕು ಅಥವಾ ಪ್ರಯಾಣಿಕರನ್ನು ಸಾಗಿಸುವ ಲಾರಿ, ಬಸ್ಸಿನಂತಹ ಗಾಡಿ, ಓಡಿಸುವವರು ಕನಿಷ್ಠ ಎಂಟನೇ ತರಗತಿ ಪಾಸಾಗಿರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿದ್ದ ಷರತ್ತನ್ನು 2019ರಲ್ಲಿ ತೆಗೆದುಹಾಕಲಾಗಿದೆ. ಶಾಲೆ ಬಿಟ್ಟದ್ದು ಇನ್ನು ನಿಮ್ಮ ದಾರಿಗೆ ಅಡ್ಡಿಯಲ್ಲ. ಆದರೆ ಲರ್ನಿಂಗ್ ಲೈಸೆನ್ಸಿನ ಪರೀಕ್ಷೆಯಲ್ಲಿ ರಸ್ತೆ ಚಿಹ್ನೆಗಳನ್ನೂ ಸಂಚಾರ ನಿಯಮಗಳನ್ನೂ ಕೇಳುತ್ತಾರೆ. ಕನ್ನಡ ಸರಾಗವಾಗಿ ಓದಲು ಬರದಿದ್ದರೆ ಅದನ್ನು ಮೊದಲು ರೂಢಿಸಿಕೊಳ್ಳಿ. ಹೆದ್ದಾರಿಯಲ್ಲಿ ‘ಮುಂದೆ ಕಾಮಗಾರಿ ನಡೆದಿದೆ’ ಎಂಬ ಫಲಕವನ್ನು ಓದಲಾಗದವರು ಭರ್ತಿ ಲೋಡಿನ ಲಾರಿ ಹಿಡಿಯುವುದು ಯಾರಿಗೂ ಕ್ಷೇಮವಲ್ಲ.

ನಿಮಗೆ ನಿಜವಾಗಿ ಅಡ್ಡಿಯಾಗಿರುವ ಸಂಗತಿಗಳು ಬೇರೆ ಎರಡಿವೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ 20 ವರ್ಷ ತುಂಬದವರು ಸಾರ್ವಜನಿಕ ಸ್ಥಳದಲ್ಲಿ ಸಾರಿಗೆ ವಾಹನ ಓಡಿಸುವಂತಿಲ್ಲ. ಅಲ್ಲದೆ ಲಘು ಮೋಟಾರು ವಾಹನದ ಲೈಸೆನ್ಸ್, ಅಂದರೆ ನಾವು ಕಾರಿನ ಲೈಸೆನ್ಸ್ ಎನ್ನುವ ಎಲ್‌ಎಂವಿ, ಕೈಗೆ ಬಂದು ಕನಿಷ್ಠ ಒಂದು ವರ್ಷ ಆಗದ ಹೊರತು ಸಾರಿಗೆ ವಾಹನದ ಲರ್ನಿಂಗ್ ಲೈಸೆನ್ಸನ್ನೇ ಕೊಡುವುದಿಲ್ಲ. ಬೈಕಿನ ಲೈಸೆನ್ಸ್ ಎಷ್ಟು ಹಳೆಯದಾಗಿದ್ದರೂ ಈ ಲೆಕ್ಕಕ್ಕೆ ಬರುವುದಿಲ್ಲ. ಅನೇಕ ಹುಡುಗರು 20 ತುಂಬಲಿ ಎಂದು ಸುಮ್ಮನೆ ಕಾದು, ತುಂಬಿದ ಮೇಲೆ ಆರ್‌ಟಿಒ ಕಚೇರಿಗೆ ಹೋಗಿ, ಇನ್ನೂ ಒಂದು ವರ್ಷ ಕಾಯಬೇಕೆಂದು ಗೊತ್ತಾಗಿ ಹಿಂದಿರುಗುತ್ತಾರೆ. ಎಲ್‌ಎಂವಿ ಲೈಸೆನ್ಸಿಗೆ 18 ತುಂಬಿದ್ದರೆ ಸಾಕು. ಆದ್ದರಿಂದ ನೀವು ಈ ತಿಂಗಳೇ ಅದರ ಲರ್ನಿಂಗ್ ಲೈಸೆನ್ಸಿಗೆ ಅರ್ಜಿ ಹಾಕಿ. ಅದು ಬಂದ 30 ದಿನಗಳ ನಂತರ, ಅದರ ಆರು ತಿಂಗಳ ಅವಧಿ ಮುಗಿಯುವುದರೊಳಗೆ ಚಾಲನಾ ಪರೀಕ್ಷೆಗೆ ಹೋಗಿ. ಪಕ್ಕಾ ಲೈಸೆನ್ಸ್ ಬಂದ ದಿನದಿಂದ ಒಂದು ವರ್ಷ ಕಳೆಯುವಷ್ಟರಲ್ಲಿ ನಿಮಗೆ 20 ತುಂಬಿರುತ್ತದೆ, ಆಗ ಭಾರಿ ವಾಹನದ ಲರ್ನಿಂಗ್ ಲೈಸೆನ್ಸ್ ಮಾಡಿಸಬಹುದು.

ಆ ಹಂತದಲ್ಲಿ ಎರಡು ಕಾಗದಗಳು ಹೊಸದಾಗಿ ಸೇರುತ್ತವೆ. ನೋಂದಾಯಿತ ವೈದ್ಯರು ಪರೀಕ್ಷಿಸಿ ಕೊಡುವ ನಮೂನೆ 1ಎ ಒಂದು. ಮಾನ್ಯತೆ ಇರುವ ಡ್ರೈವಿಂಗ್ ಶಾಲೆ ಕೊಡುವ ನಮೂನೆ 5ರ ತರಬೇತಿ ಪ್ರಮಾಣಪತ್ರ ಇನ್ನೊಂದು. ಕಾರಿನ ಲೈಸೆನ್ಸಿಗೆ ಮನೆಯವರ ಹತ್ತಿರ ಕಲಿತರೂ ನಡೆಯುತ್ತದೆ, ಸಾರಿಗೆ ವಾಹನಕ್ಕೆ ಶಾಲೆಯ ಪ್ರಮಾಣಪತ್ರ ಕಡ್ಡಾಯ. ನಿಯಮದಂತೆ ಈ ತರಬೇತಿ 30 ದಿನಕ್ಕಿಂತ ಕಡಿಮೆ ಇರುವಂತಿಲ್ಲ. ‘ನಿನಗೆ ಗಾಡಿ ಬರುತ್ತದಲ್ಲ, ದುಡ್ಡು ಕೊಟ್ಟು ಸರ್ಟಿಫಿಕೇಟ್ ಒಯ್ಯಿ’ ಎನ್ನುವ ಶಾಲೆಗಳ ಬಾಗಿಲಿಗೆ ದಯವಿಟ್ಟು ಹೋಗಬೇಡಿ. ಲಾರಿಯಲ್ಲಿ ಕ್ಲೀನರ್ ಆಗಿ ಓಡಾಡಿದವರಿಗೆ ಗೇರು, ಕ್ಲಚ್ಚು ಗೊತ್ತಿರುತ್ತದೆ ನಿಜ. ಆದರೆ ಮಾವನಿಂದ ಕಲಿತದ್ದರ ಜೊತೆಗೆ ಮಾವನ ತಪ್ಪು ರೂಢಿಗಳೂ ನಿಮ್ಮ ಕೈಗೆ ಬಂದಿರುತ್ತವೆ. ಅವುಗಳನ್ನು ತಿದ್ದುವುದಕ್ಕೇ ಆ 30 ದಿನಗಳು ಬೇಕು.

ಖರ್ಚಿನ ಬಗ್ಗೆಯೂ ತಿಳಿದಿರಲಿ. ಕೇಂದ್ರ ನಿಯಮಗಳಲ್ಲಿ ನಿಗದಿಯಾದ ಸರ್ಕಾರಿ ಶುಲ್ಕ ಲರ್ನಿಂಗ್ ಲೈಸೆನ್ಸಿಗೆ ವಾಹನದ ಒಂದು ವರ್ಗಕ್ಕೆ 150 ರೂಪಾಯಿ, ಚಾಲನಾ ಪರೀಕ್ಷೆಗೆ 300 ರೂಪಾಯಿ, ಇರುವ ಲೈಸೆನ್ಸಿಗೆ ಹೊಸ ವರ್ಗ ಸೇರಿಸಲು 500 ರೂಪಾಯಿ. ಸಣ್ಣಪುಟ್ಟ ಶುಲ್ಕಗಳು ಬೇರೆ ಇರುತ್ತವೆ. ಅರ್ಜಿಯನ್ನು ಸಾರಥಿ ಜಾಲತಾಣದಲ್ಲಿ ನೀವೇ ಹಾಕಿ ಹಣ ಕಟ್ಟಬಹುದು. ಡ್ರೈವಿಂಗ್ ಶಾಲೆಯ ಶುಲ್ಕ ಪ್ರತ್ಯೇಕ, ಅದಕ್ಕೆ ರಸೀದಿ ಕೇಳಿ ಪಡೆಯಿರಿ.

ಇನ್ನು ರಾತ್ರಿ ಸ್ಟೇರಿಂಗ್ ಹಿಡಿಯುವ ವಿಷಯ. ನಿಮ್ಮ ಪತ್ರದಲ್ಲಿ ನಮ್ಮನ್ನು ಹೆಚ್ಚು ಕಳವಳಕ್ಕೆ ಈಡುಮಾಡಿದ್ದು ಇದೇ. ಲೈಸೆನ್ಸ್ ಇಲ್ಲದೆ ಓಡಿಸಿದ ನಿಮಗೂ, ಓಡಿಸಲು ಕೊಟ್ಟ ಗಾಡಿಯ ಮಾಲೀಕರಿಗೂ ಕಾಯ್ದೆಯಲ್ಲಿ ಪ್ರತ್ಯೇಕ ದಂಡನೆ ಇದೆ. ದಂಡವನ್ನಾದರೂ ಕಟ್ಟಬಹುದು. ಆದರೆ ಅಪಘಾತದಲ್ಲಿ ಒಬ್ಬರ ಜೀವ ಹೋಯಿತು ಎಂದುಕೊಳ್ಳಿ. ನ್ಯಾಯಮಂಡಳಿಯ ಆದೇಶದಂತೆ ವಿಮಾ ಕಂಪನಿ ಸಂತ್ರಸ್ತರ ಕುಟುಂಬಕ್ಕೆ ಪರಿಹಾರ ಕೊಟ್ಟರೂ, ಚಾಲಕನಿಗೆ ಲೈಸೆನ್ಸ್ ಇರಲಿಲ್ಲವೆಂಬ ಕಾರಣಕ್ಕೆ ಆ ಮೊತ್ತವನ್ನು ಮಾಲೀಕರಿಂದ ವಸೂಲಿ ಮಾಡಬಹುದು. ಲಾರಿ ಮಾರಿದರೂ ತೀರದಷ್ಟು ಮೊತ್ತ ಅದಾಗಬಹುದು. ಮಾವನಿಗೆ ನಿದ್ದೆ ಬಂದರೆ ಗಾಡಿಯನ್ನು ಧಾಬಾದ ಅಂಗಳದಲ್ಲಿ ನಿಲ್ಲಿಸಿ ಇಬ್ಬರೂ ಮಲಗಿ. ಸಿಮೆಂಟು ಎರಡು ತಾಸು ತಡವಾಗಿ ಮುಟ್ಟಿದರೆ ಯಾರ ಮನೆಯೂ ಮುಳುಗುವುದಿಲ್ಲ.

ಪ್ರಶ್ನೆ: ನನ್ನ ಹತ್ತಿರ ಕಾರಿನ ಲೈಸೆನ್ಸ್ ಇದೆ. ತರಕಾರಿ ಸಾಗಿಸಲು ಹಳದಿ ಬೋರ್ಡಿನ ಸಣ್ಣ ಪಿಕಪ್ ಗಾಡಿ ಕೊಂಡಿದ್ದೇನೆ. ಇದಕ್ಕೆ ಬೇರೆ ಲೈಸೆನ್ಸ್ ಮಾಡಿಸಬೇಕೇ? (ಬೀದರ್ ನಗರದ ಓದುಗರು)

ಉತ್ತರ: ಬೇಕಿಲ್ಲ. ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನು ಎಲ್‌ಎಂವಿ ಲೈಸೆನ್ಸಿನ ಮೇಲೆಯೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2024ರ ನವೆಂಬರ್ 6ರಂದು ತೀರ್ಪು ನೀಡಿದೆ. 2017ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದನ್ನೇ ಅದು ಎತ್ತಿಹಿಡಿದಿದೆ. ಒಟ್ಟು ತೂಕವೆಂದರೆ ಗಾಡಿಯ ತೂಕ ಮತ್ತು ಅದು ಹೊರಬಹುದಾದ ಮಾಲಿನ ತೂಕ ಸೇರಿದ್ದು. ನಿಮ್ಮ ಆರ್‌ಸಿಯಲ್ಲಿ ಅದು ನಮೂದಾಗಿರುತ್ತದೆ, ಒಮ್ಮೆ ನೋಡಿಕೊಳ್ಳಿ. ಟಾಟಾ ಏಸ್, ಬೊಲೆರೊ ಪಿಕಪ್ ತರಹದ ಗಾಡಿಗಳು ಈ ಮಿತಿಯೊಳಗೇ ಬರುತ್ತವೆ. ಗ್ಯಾಸ್, ರಾಸಾಯನಿಕದಂತಹ ಅಪಾಯಕಾರಿ ಸರಕು ಸಾಗಿಸುವುದಿದ್ದರೆ ಮಾತ್ರ ಈ ಸಡಿಲಿಕೆ ಅನ್ವಯಿಸುವುದಿಲ್ಲ.

ಪ್ರಶ್ನೆ: ನಮ್ಮ ಮನೆಯವರು ಇಪ್ಪತ್ತು ವರ್ಷಗಳಿಂದ ಲಾರಿ ಓಡಿಸುತ್ತಿದ್ದಾರೆ. ಮೊನ್ನೆ ಪೊಲೀಸರು ಗಾಡಿ ತಡೆದು ಲೈಸೆನ್ಸಿನ ಅವಧಿ ಮುಗಿದು 14 ತಿಂಗಳಾಗಿದೆ ಎಂದರಂತೆ. ಆದರೆ ಕಾರ್ಡಿನ ಮೇಲೆ ಇನ್ನೂ ಹಲವು ವರ್ಷ ಇರುವ ದಿನಾಂಕ ಕಾಣುತ್ತದೆ. ಯಾವುದು ಸರಿ? (ಚಿಂಚೋಳಿ ತಾಲ್ಲೂಕಿನ ಓದುಗರು)

ಉತ್ತರ: ತಾಯಿ, ಎರಡೂ ಸರಿಯಾಗಿರುವ ಸಾಧ್ಯತೆ ಇದೆ. ಕಾರ್ಡನ್ನು ಬೆಳಕಿಗೆ ಹಿಡಿದು ನಿಧಾನವಾಗಿ ನೋಡಿ. ಅದರ ಮೇಲೆ ಎನ್‌ಟಿ ಮತ್ತು ಟಿಆರ್ ಎಂದು ಎರಡು ಬೇರೆ ಬೇರೆ ಅವಧಿಗಳು ಮುದ್ರಿತವಾಗಿರುತ್ತವೆ. ಎನ್‌ಟಿ ಎಂಬುದು ಬೈಕು, ಸ್ವಂತ ಕಾರುಗಳಿಗೆ ಸಂಬಂಧಿಸಿದ್ದು, ಅದರ ಅವಧಿ ದೀರ್ಘ. ಟಿಆರ್ ಎಂಬುದು ಸಾರಿಗೆ ವಾಹನಕ್ಕೆ, ಅಂದರೆ ಅವರ ಹೊಟ್ಟೆಪಾಡಿನ ಲಾರಿಗೆ ಸಂಬಂಧಿಸಿದ್ದು. ಅದನ್ನು ಹಿಂದೆ ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕಿತ್ತು, 2019ರ ತಿದ್ದುಪಡಿಯ ನಂತರ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅನುಭವಿ ಚಾಲಕರೂ ದೊಡ್ಡ ದಿನಾಂಕವನ್ನು ನೋಡಿ ಸಣ್ಣದನ್ನು ಮರೆಯುತ್ತಾರೆ.

ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದ ಮುಗಿದ ಒಂದು ವರ್ಷದವರೆಗೆ ಯಾವಾಗ ಅರ್ಜಿ ಹಾಕಿದರೂ ಪರೀಕ್ಷೆಯಿಲ್ಲದೆ ನವೀಕರಣವಾಗುತ್ತದೆ. ಆ ಗಡುವನ್ನು ಎರಡು ತಿಂಗಳು ದಾಟಿರುವುದರಿಂದ ನಿಮ್ಮ ಯಜಮಾನರು ಮತ್ತೆ ಚಾಲನಾ ಪರೀಕ್ಷೆ ಕೊಟ್ಟು ಪಾಸಾಗಬೇಕು. ಇಪ್ಪತ್ತು ವರ್ಷ ಓಡಿಸಿದವರಿಗೆ ಅದು ಅವಮಾನವೆನಿಸಬಹುದು. ಆದರೆ ಕಾಯ್ದೆ ಇಲ್ಲಿ ಅನುಭವವನ್ನು ಪರಿಗಣಿಸುವುದಿಲ್ಲ, ವಿನಾಯಿತಿಗಾಗಿ ಯಾರ ಕಾಲು ಹಿಡಿದರೂ ಪ್ರಯೋಜನವಿಲ್ಲ. ವೈದ್ಯರ ನಮೂನೆ 1ಎ ಬೇಕು, ತಡವಾದುದಕ್ಕೆ ಹೆಚ್ಚುವರಿ ಶುಲ್ಕವೂ ಬೀಳುತ್ತದೆ. ಮುಗಿದ ಮೇಲೆಯೂ 30 ದಿನ ಲೈಸೆನ್ಸ್ ಊರ್ಜಿತದಲ್ಲಿರುತ್ತದೆ ಎಂದು ಇಂದಿಗೂ ಕೆಲವರು ಹೇಳುತ್ತಾರೆ. ಆ ಸವಲತ್ತನ್ನು 2019ರಲ್ಲೇ ರದ್ದುಪಡಿಸಲಾಗಿದೆ. ಹೊಸ ಲೈಸೆನ್ಸ್ ಕೈಗೆ ಬರುವವರೆಗೆ ಅವರು ಲಾರಿ ಹತ್ತದಂತೆ ನೀವು ಹಟ ಹಿಡಿಯಲೇಬೇಕು. ಮನೆ ನಡೆಸುವುದು ಕಷ್ಟವಾದೀತು, ಬಲ್ಲೆವು. ಆದರೂ ಬೇರೆ ದಾರಿಯಿಲ್ಲ.

ಪ್ರಶ್ನೆ: ನನಗೆ ಕನ್ನಡಕ ಇದೆ. ಹೆವಿ ಲೈಸೆನ್ಸ್ ಸಿಗುವುದೇ? (ಶಹಾಪುರದ ಓದುಗರು)

ಉತ್ತರ: ಕನ್ನಡಕ ಹಾಕಿಕೊಂಡಾಗ ದೃಷ್ಟಿ ಸರಿಯಾಗಿದ್ದರೆ ಸಿಗುತ್ತದೆ. ಹಗಲಿನ ಒಳ್ಳೆಯ ಬೆಳಕಿನಲ್ಲಿ 25 ಮೀಟರ್ ದೂರದ ವಾಹನದ ನಂಬರ್ ಪ್ಲೇಟ್ ಓದಲು ಬರಬೇಕೆಂಬುದು ಅಳತೆ. ಕೆಂಪು, ಹಸಿರು ಬಣ್ಣಗಳನ್ನು ಗುರುತಿಸುವಿರೋ, ಇರುಳುಗುರುಡು ಇದೆಯೋ, ಕಿವಿ ಚೆನ್ನಾಗಿ ಕೇಳುತ್ತದೆಯೋ ಎಂಬುದನ್ನೂ ವೈದ್ಯರು ಪರಿಶೀಲಿಸಬೇಕು. ವೈದ್ಯರು ನಿಮ್ಮನ್ನು ನೋಡದೆಯೇ ಸಹಿ ಹಾಕಿಸಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಏಕೆಂದರೆ ನಿಮ್ಮ ಕಣ್ಣಿನ ದೋಷ ನಿಮಗೇ ಗೊತ್ತಿಲ್ಲದಿರಬಹುದು. ಲೈಸೆನ್ಸ್ ಬಂದ ಮೇಲೆ ಗಾಡಿಯಲ್ಲಿ ಇನ್ನೊಂದು ಜೊತೆ ಕನ್ನಡಕ ಇಟ್ಟುಕೊಳ್ಳಿ.

ಪ್ರಶ್ನೆ: ಹೆವಿ ಟೆಸ್ಟಿನಲ್ಲಿ ರಿವರ್ಸ್ ತೆಗೆಯುವಾಗ ಕಂಬಕ್ಕೆ ತಾಗಿಸಿ ಎರಡು ಸಲ ಫೇಲಾದೆ. ಟೆಸ್ಟೇ ಇಲ್ಲದೆ ದೂರದ ರಾಜ್ಯವೊಂದರಿಂದ ಲೈಸೆನ್ಸ್ ತರಿಸಿಕೊಡುವುದಾಗಿ ಏಜೆಂಟರೊಬ್ಬರು ಹೇಳುತ್ತಿದ್ದಾರೆ. ಹಣ ಕೊಡಬಹುದೇ? (ಕಲಬುರಗಿಯ ಓದುಗರು)

ಉತ್ತರ: ಕೊಡಬೇಡಿ. ನೀವು ವಾಸವಿರದ, ಕೆಲಸ ಮಾಡದ ರಾಜ್ಯದಲ್ಲಿ ಲೈಸೆನ್ಸ್ ಪಡೆಯಲು ಕಾಯ್ದೆಯಲ್ಲಿ ಅವಕಾಶವಿಲ್ಲ. ಸುಳ್ಳು ವಿಳಾಸ ಕೊಟ್ಟು ಪಡೆದದ್ದು ಅಪರಾಧವಾಗುತ್ತದೆ. ನಮ್ಮ ರಾಜ್ಯದೊಳಗೆ ಮಾತ್ರ ಯಾವ ಆರ್‌ಟಿಒ ಕಚೇರಿಯಲ್ಲಾದರೂ ಅರ್ಜಿ ಹಾಕಬಹುದು. ಕಲಬುರಗಿಯವರು ಬೀದರಿನಲ್ಲೋ ಯಾದಗಿರಿಯಲ್ಲೋ ಪರೀಕ್ಷೆ ಕೊಡುವುದಕ್ಕೆ ಅಡ್ಡಿಯಿಲ್ಲ. ಫೇಲಾದವರು ಏಳು ದಿನಗಳ ನಂತರ ಮತ್ತೆ ಹೋಗಬಹುದು. ಮೂರನೇ ಸಲವೂ ಪಾಸಾಗದಿದ್ದರೆ 60 ದಿನ ಕಾಯಬೇಕು, ಜೊತೆಗೆ ಡ್ರೈವಿಂಗ್ ಶಾಲೆಯಲ್ಲಿ ಮರುತರಬೇತಿಯನ್ನೂ ಪಡೆಯಬೇಕಾಗುತ್ತದೆ. ನಿಮಗೆ ಇನ್ನೊಂದು ಅವಕಾಶ ಬಾಕಿ ಇದೆ, ಅವಸರ ಮಾಡದೆ ಸಿದ್ಧರಾಗಿ ಹೋಗಿ.

ರಿವರ್ಸಿನಲ್ಲಿ ಕಂಬಕ್ಕೆ ತಾಗುವುದಕ್ಕೆ ಕಾರಣ ಬಹುತೇಕ ಒಂದೇ: ಕಾರಿನ ಅಂದಾಜಿನಲ್ಲಿ ಲಾರಿ ಓಡಿಸುವುದು. ಲಾರಿಯ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ ಹೆಚ್ಚು. ಆದ್ದರಿಂದ ತಿರುವಿನಲ್ಲಿ ಹಿಂದಿನ ಗಾಲಿ ಮುಂದಿನ ಗಾಲಿಯ ಜಾಡಿನಲ್ಲಿ ಬರದೆ ಒಳಕ್ಕೆ ಸರಿಯುತ್ತದೆ. ಗಾಡಿಯ ಹಿಂಭಾಗ ಹಿಂದಿನ ಗಾಲಿಯಿಂದಾಚೆ ಎಷ್ಟು ಚಾಚಿದೆಯೋ ಅಷ್ಟರಮಟ್ಟಿಗೆ ಅದು ತಿರುವಿನ ಹೊರಬದಿಗೆ ಬೀಸುತ್ತದೆ; ಬಸ್ಸಿನಲ್ಲಿ ಇದು ಇನ್ನೂ ಹೆಚ್ಚು. ರಿವರ್ಸ್ ಗೇರ್ ಹಾಕುವ ಮೊದಲು ಕೆಳಗಿಳಿದು ಹಿಂದೆ ಹೋಗಿ ಜಾಗವನ್ನು ಕಣ್ಣಾರೆ ನೋಡಿ ಬರಲು ಪರೀಕ್ಷಕರ ಅನುಮತಿ ಕೇಳಿ, ಕೇಳುವುದು ತಪ್ಪಲ್ಲ. ಆಕ್ಸಿಲರೇಟರ್ ಒತ್ತದೆ ಕ್ಲಚ್ಚಿನ ಹಿಡಿತದಲ್ಲೇ ಗಾಡಿ ನಡೆಯುವ ವೇಗದಲ್ಲಿ ಹಿಂದೆ ಬರಲಿ. ಎಡ ಕನ್ನಡಿ, ಬಲ ಕನ್ನಡಿ ಎರಡನ್ನೂ ಮತ್ತೆ ಮತ್ತೆ ನೋಡುತ್ತ, ಹಿಂದಿನ ಗಾಲಿ ಮತ್ತು ಕಂಬದ ನಡುವೆ ನೆಲ ಕಾಣುತ್ತಿದೆಯೇ ಎಂದು ಗಮನಿಸಿ. ನೆಲ ಮರೆಯಾದ ಕ್ಷಣವೇ ನಿಲ್ಲಿಸಿ, ಸ್ವಲ್ಪ ಮುಂದೆ ತಂದು ನೇರ ಮಾಡಿಕೊಳ್ಳಿ. ಹೊಸಬರು ಒಂದೇ ಕನ್ನಡಿಯಲ್ಲಿ ಕಣ್ಣು ನೆಟ್ಟು ಇನ್ನೊಂದು ಬದಿಯನ್ನು ತಾಗಿಸುತ್ತಾರೆ. ಖಾಲಿ ಮೈದಾನದಲ್ಲಿ ನಾಲ್ಕು ಹಳೆಯ ಟೈರುಗಳನ್ನು ಇಟ್ಟುಕೊಂಡು, ಶಾಲೆಯ ಬೋಧಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಅಭ್ಯಾಸ ಮಾಡಿದರೆ ಕೈ ಕೂರುತ್ತದೆ.

ಏರ್ ಬ್ರೇಕಿನ ತಿಳಿವಳಿಕೆಯೂ ಪರೀಕ್ಷೆಗಿಂತ ಹೆಚ್ಚಾಗಿ ಬದುಕಿಗೆ ಬೇಕು. ಎಂಜಿನ್ ಚಾಲೂ ಮಾಡಿದ ಮೇಲೆ ಗಾಳಿಯ ಒತ್ತಡದ ಮುಳ್ಳು ಮೇಲೇರಿ, ಎಚ್ಚರಿಕೆಯ ಸದ್ದು ನಿಲ್ಲುವವರೆಗೆ ಹ್ಯಾಂಡ್ ಬ್ರೇಕ್ ಬಿಡಬಾರದು. ಗಾಳಿ ಟ್ಯಾಂಕಿನ ತಳದಲ್ಲಿ ಕೂಡುವ ನೀರನ್ನು ನಿಯಮಿತವಾಗಿ ಹೊರಬಿಡಬೇಕು. ಇಳಿಜಾರಿನಲ್ಲಿ ಬ್ರೇಕನ್ನು ಪದೇ ಪದೇ ತುಳಿದರೆ ಒಂದೆಡೆ ಗಾಳಿ ಖಾಲಿಯಾಗುತ್ತದೆ, ಇನ್ನೊಂದೆಡೆ ಡ್ರಮ್ ಕಾದು ಹಿಡಿತ ತಪ್ಪುತ್ತದೆ. ಆದ್ದರಿಂದ ಇಳಿಜಾರು ಆರಂಭವಾಗುವ ಮೊದಲೇ ಕೆಳಗಿನ ಗೇರಿಗೆ ಬಂದು, ಎಂಜಿನ್ನಿನ ಬಿಗಿತದಲ್ಲೇ ಗಾಡಿ ಇಳಿಸಬೇಕು. ನಮ್ಮ ಭಾಗದ ರಸ್ತೆಗಳು ಬಹುಮಟ್ಟಿಗೆ ಸಮತಟ್ಟಾಗಿರುವುದರಿಂದ ಇದನ್ನು ಕಲಿಯದೆಯೇ ವರ್ಷಗಟ್ಟಲೆ ಓಡಿಸಿದವರಿದ್ದಾರೆ. ಅವರು ಸಿಮೆಂಟ್ ತುಂಬಿಕೊಂಡು ಮೊದಲ ಸಲ ಘಾಟಿ ಇಳಿಯುವಾಗ ತೊಂದರೆಗೆ ಸಿಲುಕುತ್ತಾರೆ.

ಪ್ರಶ್ನೆ: ನಾನು ಪಿಯುಸಿ ಓದಿದ ಯುವತಿ, ವಯಸ್ಸು 22. ಅಪ್ಪನ ಕಾರು ಓಡಿಸುತ್ತೇನೆ, ಲೈಸೆನ್ಸ್ ಬಂದು ಎರಡು ವರ್ಷವಾಗಿದೆ. ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸಿನ ಚಾಲಕಿಯಾಗಬೇಕೆಂಬ ಆಸೆ. ಮನೆಯಲ್ಲಿ ನಗುತ್ತಾರೆ. ಇದು ಸಾಧ್ಯವೇ? (ಶಹಾಬಾದಿನ ಓದುಗರು)

ಉತ್ತರ: ಸಾಧ್ಯ, ತಂಗಿ. ಲೈಸೆನ್ಸ್ ಕೊಡುವಾಗ ಕಾಯ್ದೆ ಹೆಣ್ಣು, ಗಂಡು ಎಂಬ ಭೇದ ಮಾಡುವುದಿಲ್ಲ. ತಮಿಳುನಾಡಿನ ಸರ್ಕಾರಿ ಸಾರಿಗೆಯಲ್ಲಿ ವಸಂತಕುಮಾರಿ ಅವರು 1993ರಲ್ಲೇ ಬಸ್ ಚಾಲಕಿಯಾಗಿ ಸೇರಿದ್ದರು. ಇಂದಿನ ಬಸ್ಸುಗಳಲ್ಲಿ ಪವರ್ ಸ್ಟೇರಿಂಗ್ ಇರುವುದರಿಂದ ತೋಳಿನ ಬಲದ ಮಾತಿಗೂ ಅರ್ಥವಿಲ್ಲ.

ನಿಮಗೆ 20 ತುಂಬಿದೆ, ಎಲ್‌ಎಂವಿ ಲೈಸೆನ್ಸಿಗೆ ವರ್ಷ ದಾಟಿದೆ; ಆದ್ದರಿಂದ ನಾಳೆಯೇ ಭಾರಿ ವಾಹನದ ಲರ್ನಿಂಗ್ ಲೈಸೆನ್ಸಿಗೆ ಅರ್ಜಿ ಹಾಕಬಹುದು. ತಡ ಮಾಡಬೇಡಿ ಎನ್ನುವುದಕ್ಕೆ ಕಾರಣವಿದೆ. ಸಾರಿಗೆ ನಿಗಮಗಳ ಹಿಂದಿನ ಚಾಲಕ ನೇಮಕಾತಿಗಳಲ್ಲಿ ಎಸ್‌ಎಸ್‌ಎಲ್‌ಸಿ ಪಾಸಾಗಿರಬೇಕು, ಕನಿಷ್ಠ 24 ವರ್ಷ ಆಗಿರಬೇಕು, ಭಾರಿ ವಾಹನದ ಲೈಸೆನ್ಸ್ ಪಡೆದು ಎರಡು ವರ್ಷ ಕಳೆದಿರಬೇಕು ಎಂಬ ಷರತ್ತುಗಳಿದ್ದವು. ಈಗ ಲೈಸೆನ್ಸ್ ಮಾಡಿಸಿದರೆ 24 ತುಂಬುವ ಹೊತ್ತಿಗೆ ಆ ಎರಡು ವರ್ಷವೂ ಹತ್ತಿರ ಬಂದಿರುತ್ತದೆ. ಅಧಿಸೂಚನೆ ಹೊರಟ ಮೇಲೆ ಲೈಸೆನ್ಸಿಗೆ ಓಡಾಡುವವರು ಪ್ರತಿ ಸಲವೂ ಅವಕಾಶ ಕಳೆದುಕೊಳ್ಳುತ್ತಾರೆ. ಎತ್ತರ, ತೂಕಗಳನ್ನೂ ಅಳೆಯುತ್ತಾರೆ, ಹೊಸ ಅಧಿಸೂಚನೆ ಬಂದಾಗ ಅದರಲ್ಲಿರುವ ಅಳತೆಯನ್ನು ನೋಡಿಕೊಳ್ಳಿ.

ಲಾರಿಗೆ ಬೇಡದ, ಬಸ್ಸಿಗೆ ಬೇಕಾದ ಇನ್ನೊಂದು ಸಂಗತಿ ಬ್ಯಾಡ್ಜ್. ಪ್ರಯಾಣಿಕರನ್ನು ಕೊಂಡೊಯ್ಯುವ ಸಾರ್ವಜನಿಕ ಸೇವಾ ವಾಹನ ಓಡಿಸಲು ಆರ್‌ಟಿಒ ಕೊಡುವ ಪ್ರತ್ಯೇಕ ಅಧಿಕಾರ ಪತ್ರ ಇದು, ಪಿಎಸ್‌ವಿ ಬ್ಯಾಡ್ಜ್ ಎಂದೇ ಎಲ್ಲರೂ ಕರೆಯುತ್ತಾರೆ. ಭಾರಿ ವಾಹನದ ಲೈಸೆನ್ಸ್ ಬಂದ ಕೂಡಲೇ ಇದಕ್ಕೂ ಅರ್ಜಿ ಹಾಕಿಬಿಡಿ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯ ಅನ್ವಯ ಮೀಸಲಾತಿ ಇರುವುದರಿಂದ, ಸ್ಥಳೀಯ ವ್ಯಕ್ತಿ ಎಂಬ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಮೊದಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಲೈಸೆನ್ಸ್ ಬಂದ ಮೇಲಿನ ಎರಡು ವರ್ಷ ಅದನ್ನು ಪೆಟ್ಟಿಗೆಯಲ್ಲಿ ಇಡಬೇಡಿ. ಶಾಲಾ ವಾಹನ ಅಥವಾ ಕಾರ್ಖಾನೆಯ ನೌಕರರ ಬಸ್ಸಿನಲ್ಲಿ ಕೆಲಸ ಸಿಕ್ಕರೆ ಮಾಡಿ, ಏಕೆಂದರೆ ನಿಗಮದ ಚಾಲನಾ ಪರೀಕ್ಷೆಯಲ್ಲಿ ಕೈಯ ರೂಢಿ ತಕ್ಷಣ ಗೊತ್ತಾಗುತ್ತದೆ. ತರಬೇತಿಗೆ ಶಾಲೆ ಆರಿಸುವಾಗ ಕಲಿಸಲು ಬಸ್ಸೇ ಇದೆಯೋ, ಲಾರಿ ಮಾತ್ರವೋ ಎಂದು ಕೇಳಿ. 2021ರ ನಿಯಮಗಳಂತೆ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳು ಭಾರಿ ವಾಹನಕ್ಕೆ ಆರು ವಾರಗಳಲ್ಲಿ 38 ಗಂಟೆಗಳ ತರಬೇತಿ ಕೊಡುತ್ತವೆ. ಅಲ್ಲಿ ಪಾಸಾದವರಿಗೆ ಆರ್‌ಟಿಒ ಚಾಲನಾ ಪರೀಕ್ಷೆಯಿಂದ ವಿನಾಯಿತಿ ಇದೆ. ಅಂತಹ ಕೇಂದ್ರಕ್ಕೆ ಹೋಗಿ ಬರಲು ಅನುಕೂಲವಿದ್ದರೆ ಅದನ್ನೇ ಆರಿಸಿಕೊಳ್ಳಿ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಹೆವಿ ಲೈಸೆನ್ಸ್ ಇದೆ. ಪೆಟ್ರೋಲ್ ಟ್ಯಾಂಕರ್ ಓಡಿಸಲು ಇನ್ನೇನು ಬೇಕು? (ಹುಮನಾಬಾದಿನ ಓದುಗರು)

ಉತ್ತರ: ಅಪಾಯಕಾರಿ ಸರಕು ಸಾಗಿಸುವವರಿಗೆಂದೇ ಇರುವ ಮೂರು ದಿನಗಳ ತರಬೇತಿಯನ್ನು ಮಾನ್ಯತೆ ಇರುವ ಸಂಸ್ಥೆಯಲ್ಲಿ ಮುಗಿಸಿ, ಅದರ ಪ್ರಮಾಣಪತ್ರದ ಆಧಾರದ ಮೇಲೆ ಲೈಸೆನ್ಸಿನಲ್ಲಿ ಹಿಂಬರಹ ಮಾಡಿಸಬೇಕು. ಸಂವಿಧಾನದ ಎಂಟನೇ ಅನುಸೂಚಿಯಲ್ಲಿರುವ ಒಂದು ಭಾರತೀಯ ಭಾಷೆ ಮತ್ತು ಇಂಗ್ಲಿಷ್ ಎರಡನ್ನೂ ಓದಲು, ಬರೆಯಲು ಬರಬೇಕು. ನಿಮಗೆ ಕನ್ನಡ ಬರುವುದರಿಂದ ಅರ್ಧ ಕೆಲಸ ಆದಂತೆಯೇ. ಈ ಅನುಮತಿಯನ್ನು ಮೂರು ವರ್ಷಕ್ಕೊಮ್ಮೆ, ಒಂದು ದಿನದ ಮರುತರಬೇತಿ ಪಡೆದು ನವೀಕರಿಸಿಕೊಳ್ಳಬೇಕು. ಸೋರಿಕೆಯಾದಾಗ ಮತ್ತು ಬೆಂಕಿ ಹತ್ತಿದಾಗ ಮಾಡಬೇಕಾದ ಕೆಲಸಗಳನ್ನು ಆ ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಮಾಲೀಕರು ಟ್ಯಾಂಕರಿನೊಡನೆ ಕೊಡುವ ತುರ್ತು ಸೂಚನೆಗಳ ಕಾಗದವನ್ನು ಹೊರಡುವ ಮೊದಲೇ ಓದಿ, ಕ್ಯಾಬಿನ್ನಿನಲ್ಲಿ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.